ದೊಡ್ಡಮ್ಮ ತೆಗೆದ ಫೋಟೊ

ಚರ್ಮದ ಕವಚದ ಗುಂಡಿ ಬಿಚ್ಚಿದ ಕೂಡಲೇ ನುಸಿಗುಳಿಗೆಯ ಘಾಟು, ಅದರಡಿಯಿಂದ ಹಳೆಯ ಚರ್ಮದ ಮಂದ ವಾಸನೆ ಮೇಲೆದ್ದು ಬಂತು. ಶೆಟ್ಟಿಹಳ್ಳಿಯಲ್ಲಿ, ಹಳೆಯ ಕ್ಯಾಮೆರಾ ರಿಪೇರಿ ಮಾಡಿ ಮಾರುವ ಮುನೀರ್ ಸಾಬರ ವರಾಂಡದಲ್ಲಿ ಕೂತಿದ್ದೆ. ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ರೀಲು ಹಾಕುವ ಕ್ಯಾಮೆರಾ ಒಂದನ್ನು ಕೊಳ್ಳಬೇಕೆಂದು ಆಸೆಯಾಗಿತ್ತು. ಸಾಬರು ಟವೆಲಿನ ಮೇಲೆ ಮೂರು ಇಟ್ಟರು. "ಶೋಕೇಸಲ್ಲಿ ಇಡೋಕಾದ್ರೆ ಇದನ್ನ ತಗೊಳ್ಳಿ ಮೇಡಂ, ಪಳಪಳ ಅಂತದೆ. ಫೋಟೊ ತೆಗೆಯೋದಾದ್ರೆ ನೋಡಿ ಆರಿಸ್ಕೊಳ್ಳಿ" ಎಂದರು. ಒಂದೊಂದನ್ನೇ ಬೆಳಕಿಗೆ ಹಿಡಿದು ಲೆನ್ಸಿನೊಳಗೆ ಬೂಷ್ಟು ಕಟ್ಟಿದೆಯೇ ಎಂದು ನೋಡಿದೆ. ಹಿಂಬದಿ ತೆರೆದು, ಬೆಳಕು ನುಗ್ಗದಂತೆ ಅಂಚಿಗೆ ಹಾಕಿದ ಸ್ಪಂಜಿನ ಮೇಲೆ ಬೆರಳಾಡಿಸಿದೆ. ಕೊನೆಗೆ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ, ಕಿವಿಯ ಹತ್ತಿರ ಹಿಡಿದು ಕೇಳಿದೆ. ಪಳಪಳ ಹೊಳೆಯುತ್ತಿದ್ದುದು ಸೆಕೆಂಡನ್ನು ಎಳೆದಾಡಿತು. ಬಣ್ಣ ಸವೆದ ಎರಡನೆಯದು ಸರಿಯಾಗಿ ಒಂದು ಸೆಕೆಂಡಿಗೆ ನಿಂತಿತು. ಅದನ್ನೇ ಮಡಿಲಲ್ಲಿ ಇಟ್ಟುಕೊಂಡೆ. ಸಾಬರು ಟೀ ಲೋಟ ಕೆಳಗಿಟ್ಟು, "ಯಾರ್ ಕಲ್ಸಿದ್ರು ಇದೆಲ್ಲ?" ಎಂದರು. ದೊಡ್ಡಮ್ಮ ಎಂದೆ.

ಗುಬ್ಬಿಯ ನಮ್ಮ ಮನೆಯಲ್ಲಿ ಬೀದಿಗೆ ತೆರೆದಿದ್ದ ಮುಂದಿನ ಕೋಣೆಯೇ ದೊಡ್ಡಪ್ಪನ ಸ್ಟುಡಿಯೊ. ಫೋಟೊ ತೆಗೆಯುವುದು ದೊಡ್ಡಪ್ಪ, ತೊಳೆಯುವುದು ದೊಡ್ಡಮ್ಮ. ಹಿತ್ತಿಲಿನ ಸೌದೆ ಕೋಣೆಯ ಕಿಟಕಿಗೆ ಕರಿ ಕಂಬಳಿ ಹೊಡೆದು, ಕೆಂಪು ಬಲ್ಬು ಹಾಕಿ ಅವಳಿಗೊಂದು ಜಾಗ ಮಾಡಿದ್ದರು. ಮಕ್ಕಳಿಲ್ಲದ ಅವಳು ನನ್ನನ್ನು ಪಕ್ಕದಲ್ಲಿ ಸ್ಟೂಲು ಹತ್ತಿಸಿ ನಿಲ್ಲಿಸಿಕೊಳ್ಳುತ್ತಿದ್ದಳು. ತಟ್ಟೆಯ ಔಷಧಿ ನೀರಿನಲ್ಲಿ ಅದ್ದಿದ ಬಿಳಿ ಕಾಗದದ ಮೇಲೆ ಮೊದಲು ಕೂದಲು, ಹುಬ್ಬು, ಆಮೇಲೆ ಮೆಲ್ಲಗೆ ಮುಖ ಮೂಡುತ್ತಿತ್ತು. ಅವಳ ಬೆರಳ ತುದಿಗಳು ಸದಾ ಕಂದು. ಹಬ್ಬದ ದಿನ ಒಬ್ಬಟ್ಟು ತಟ್ಟುವಾಗಲೂ ಆ ಕೈಗಳಿಂದ ಔಷಧಿಯ ಹುಳಿ ವಾಸನೆ ಹೋಗುತ್ತಿರಲಿಲ್ಲ.

ಆ ಕಾಲದಲ್ಲಿ ಬದುಕಿದ್ದಾಗ ಒಂದೂ ಫೋಟೊ ತೆಗೆಸಿಕೊಳ್ಳದವರೇ ಹೆಚ್ಚು. ಯಾರಾದರೂ ತೀರಿಕೊಂಡರೆ ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿ, ದೊಡ್ಡಪ್ಪನಿಗೆ ಹೇಳಿಕಳಿಸುತ್ತಿದ್ದರು. ನಿಮ್ಮ ಮನೆಯ ಗೋಡೆಯ ಮೇಲೂ ಅಂಥದೊಂದು ಫೋಟೊ ಇದ್ದಿರಬಹುದು. ದೊಡ್ಡಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೈಮುಗಿದು, ಮುಖದ ಮೇಲೆ ಬಿದ್ದ ಹಾರವನ್ನು ತುಸು ಸರಿಸಿ, ಒಂದೇ ಒಂದು ಸಲ ಒತ್ತುತ್ತಿದ್ದರು. ಸತ್ತವರಿಗೆ ತೊಂದರೆ ಕೊಡಬಾರದು ಎನ್ನುವಂತೆ.

ನಾನು ಏಳನೇ ತರಗತಿಯಲ್ಲಿದ್ದಾಗ ಅವರು ಕುಣಿಗಲ್ಲಿನ ಮದುವೆಯೊಂದನ್ನು ಮುಗಿಸಿಕೊಂಡು ಬಂದು, ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ತುಮಕೂರಿನಿಂದ ಫೋಟೊದವನೊಬ್ಬನನ್ನು ಕರೆಸಿದರು. ಆತ ಚಪ್ಪಲಿಗಾಲಲ್ಲೇ ಒಳಗೆ ಬಂದು, ಕ್ಯಾಮೆರಾಗೆ ಫ್ಲ್ಯಾಷ್ ಸಿಕ್ಕಿಸಿ, ದೊಡ್ಡಪ್ಪನ ಮುಖದ ಮುಂದೆ ಹಿಡಿದ. ಅಲ್ಲಿಯವರೆಗೆ ಮೂಲೆಯಲ್ಲಿ ಕುಸಿದು ಕೂತಿದ್ದ ದೊಡ್ಡಮ್ಮ ಎದ್ದು ನಿಂತಳು. "ಬುಡಪ್ಪ, ಅಷ್ಟು ಬೆಳಕು ಹಾಕ್ಬೇಡ. ನಾನೇ ತೆಗೀತೀನಿ" ಎಂದಳು.

ದೊಡ್ಡಪ್ಪನ ಅಕ್ಕ ಗದರಿದರು: "ಏನೇ ಇದು? ಗಂಡ ಹೋಗವ್ನೆ, ನೀನು ಕ್ಯಾಮೆರಾ ಹಿಡೀತೀಯಾ? ಜನ ಏನಂದಾರು?"

"ಅವ್ರು ಯಾರ್ದನ್ನೂ ಕೆಟ್ಟದಾಗಿ ತೆಗೀಲಿಲ್ಲ ಅತ್ಗೆ. ಅವ್ರದ್ದೂ ಕೆಡಬಾರ್ದು" ಎಂದ ದೊಡ್ಡಮ್ಮ ಕಿಟಕಿಯ ಎರಡೂ ಬಾಗಿಲು ತೆರೆದಳು. ದೊಡ್ಡಪ್ಪನದೇ ಕ್ಯಾಮೆರಾ ತರಿಸಿ ಕಣ್ಣಿಗೆ ಹಿಡಿದಳು. ಕಣ್ಣು ಮಂಜಾಗಿರಬೇಕು, ಇಳಿಸಿ ಸೆರಗಿನಿಂದ ಒರೆಸಿಕೊಂಡು ಮತ್ತೆ ಹಿಡಿದಳು. ದೊಡ್ಡಪ್ಪನಂತೆಯೇ ಒಂದೇ ಒಂದು ಸಲ ಒತ್ತಿದಳು.

ಕಾರ್ಯಗಳೆಲ್ಲ ಮುಗಿದ ಮರುದಿನ ನನ್ನನ್ನು ಸೌದೆ ಕೋಣೆಗೆ ಕರೆದಳು. ಕೆಂಪು ಬೆಳಕಿನಲ್ಲಿ ದೊಡ್ಡಪ್ಪನ ಮುಖ ಮೂಡಿತು. "ನೋಡೇ, ಊಟ ಮಾಡಿ ಮಲಗ್ದಂಗವ್ರೆ" ಎಂದಳು. ಆಮೇಲೆ ಚಿಮಟ ಹಿಡಿದ ಕೈ ಅಲ್ಲಾಡಲೇ ಇಲ್ಲ. ಔಷಧಿಯಲ್ಲೇ ಉಳಿದ ಕಾಗದ ಕಪ್ಪಾಗುತ್ತ ಬಂತು. "ದೊಡ್ಡಮ್ಮಾ, ತೆಗಿ, ಕಪ್ಪಾಗ್ತದೆ" ಎಂದೆ. ಅವಳಿಗೆ ಕೇಳಿಸಲಿಲ್ಲ. ನಾನೇ ಬರಿಗೈ ಅದ್ದಿ ಅದನ್ನೆತ್ತಿ, ಕಪ್ಪಾಗುವುದನ್ನು ನಿಲ್ಲಿಸುವ ಪಕ್ಕದ ತಟ್ಟೆಗೆ ಹಾಕಿದೆ. ಇನ್ನೊಂದು ತೊಳೆಯೋಣವೆಂದರೆ ಅವಳು ಬೇಡವೆಂದಳು.

ಮುಂದೆ ಎಷ್ಟೋ ವರ್ಷ ಸ್ಟುಡಿಯೊ ಅವಳೇ ನಡೆಸಿದಳು. ಗಂಡಸರ ಮುಂದೆ ತಲೆ ಎತ್ತಲು ನಾಚುತ್ತಿದ್ದ ಹೆಂಗಸರು ಊರ್ಡಿಗೆರೆಯಿಂದಲೂ ಬಂದು ಅವಳೆದುರು ನಕ್ಕು ಕೂರುತ್ತಿದ್ದರು. ಕಲರ್ ಲ್ಯಾಬುಗಳು ಬಂದ ಮೇಲೆ ಬಾಗಿಲು ಹಾಕಿ, ಕ್ಯಾಮೆರಾಗಳನ್ನೂ ಮಾರಿದಳು. ಅವಳು ಹೋದ ಮೇಲೆ ಮನೆಯೂ ಹೋಯಿತು. ಮೊನ್ನೆ ಹೊಸದಾಗಿ ಕೊಂಡ ಹಳೆಯ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಗುಬ್ಬಿಗೆ ಹೋಗಿದ್ದೆ. ಸೌದೆ ಕೋಣೆ ಇದ್ದ ಕಡೆ ಕಾಂಪ್ಲೆಕ್ಸಿನ ಮೆಟ್ಟಿಲುಗಳಿವೆ.

ದೊಡ್ಡಪ್ಪನ ಆ ಫೋಟೊ ಈಗ ಸದಾಶಿವನಗರದ ನಮ್ಮ ಮನೆಯಲ್ಲಿದೆ. ನೋಡಿದವರು, ಸ್ವಲ್ಪ ಕಪ್ಪಾಗಿದೆಯಲ್ಲ, ಕಂಪ್ಯೂಟರಿನಲ್ಲಿ ಸರಿಮಾಡಿಸಬಹುದು ಎನ್ನುತ್ತಾರೆ. ನಾನು ಮಾಡಿಸುವುದಿಲ್ಲ. ಆ ಕಪ್ಪು ಮೂಡುವಷ್ಟು ಹೊತ್ತು ದೊಡ್ಡಮ್ಮ ದೊಡ್ಡಪ್ಪನನ್ನು ನೋಡುತ್ತಾ ನಿಂತಿದ್ದಳು.