ಮಾತುಕತೆ ಮುರಿದದ್ದು ನನಗೆ ಗೊತ್ತಿತ್ತು

ಮಲ್ಲಪ್ಪ, ನಿನ್ನ ತಮ್ಮ ಶಿವಾನಂದನಿಗೆ ಅಲ್ಲೇ ಇರು ಎಂದು ಹೇಳಿಸಿದೆನಲ್ಲ — ಅದನ್ನು ನಾನು ತಿಳಿಯದೆ ಹೇಳಲಿಲ್ಲ. ತಿಳಿದೇ ಹೇಳಿದೆ. ಆ ಬೆಳಿಗ್ಗೆ ಟೀವಿಯಲ್ಲಿ ನೋಡಿದ್ದೆ. ಕೊಲ್ಲಿಯ ಯುದ್ಧ ನಿಲ್ಲಿಸುವ ಮಾತುಕತೆ ಮುರಿದುಬಿದ್ದಿತ್ತು, ಎರಡೂ ಕಡೆಯವರು ವಿಮಾನ ಹತ್ತಿ ತಮ್ಮ ತಮ್ಮ ದೇಶಕ್ಕೆ ಹೋಗಿಯಾಗಿತ್ತು.

ಅವತ್ತು ಸಂಜೆ ಗಡಹಿಂಗ್ಲಜದ ವ್ಯಾಖ್ಯಾನಮಾಲೆಯಲ್ಲಿ ನನ್ನ ಭಾಷಣವಿತ್ತು. ವಿಷಯ, ಜಗತ್ತಿನ ಮುಂದಾಳತ್ವ ಮತ್ತು ರಾಷ್ಟ್ರಗಳ ಸಹಕಾರ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನನ್ನು ಮತ್ತೆ ಯಾರು ಕರೆಯುತ್ತಾರೆ? ದೊಡ್ಡ ರಾಷ್ಟ್ರಗಳು ಕೂಡಿ ಕೂತರೆ ಯುದ್ಧ ನಿಲ್ಲುತ್ತದೆ, ಈ ಸಲ ನಮ್ಮ ದೇಶವೇ ಮುಂದೆ ನಿಂತು ನಿಲ್ಲಿಸುತ್ತದೆ — ಇದೇ ನನ್ನ ವಾದ. ಅದನ್ನು ಮಗ್ಗದ ಶೆಡ್ಡಿನ ಚಹಾ ಹೊತ್ತಿನಲ್ಲಿ ನಿಮಗೆಲ್ಲ ಎಷ್ಟು ಸಲ ಹೇಳಿದ್ದೆನೋ. ಟೀವಿ ಆರಿಸಿದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟೆ.

ಹೊರಡುವ ಮುಂಚೆ ನಮ್ಮ ಮಗ್ಗದ ಶೆಡ್ಡಿಗೆ ಬಂದೆ. ನೀನು ಫೋನು ಹಿಡಿದು ಹೊರಗಿನಿಂದ ಓಡಿಬಂದೆ. ಪವರ್‌ಲೂಮ್ ನಡೆಯುವಾಗ ಇಚಲಕರಂಜಿಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ತುಟಿ ನೋಡಬೇಕು, ಕೈಸನ್ನೆ ನೋಡಬೇಕು. ಆ ಭಾಷೆ ನನಗೆ ಹುಟ್ಟಿನಿಂದ ಬರುತ್ತದೆ.

"ತಮ್ಮ ಅದಾನ್ರಿ ಸರ. ಕಂಪನಿಯವರು ಹೋಗವರು ಹೋಗ್ರಿ ಅಂದಾರಂತ. ಸರಗ ಕೇಳು ಅನ್ನಾಕತ್ತಾನ. ಬಾ ಅನ್ಲೇನ್ರಿ, ಇರು ಅನ್ಲೇನ್ರಿ?"

ಕೊಲ್ಲಿಯ ಒಂದು ಬಂದರಿನಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದ ಅವನೂ ನನ್ನ ಮೇಲೆಯೇ ಭಾರ ಹಾಕಿದ್ದ. ನಿನ್ನನ್ನು ಹೊರಗೆ ಕರೆದು ಎರಡು ಮಾತು ಹೇಳಬಹುದಿತ್ತು. ಬಸ್ಸು ತಪ್ಪಿದ್ದರೆ ಇನ್ನೊಂದು ಬರುತ್ತಿತ್ತು. ಆದರೆ ಬಾ ಅನ್ನು ಎಂದು ನಿನಗೆ ಹೇಳಿ, ಸಂಜೆ ಆ ಭಾಷಣವನ್ನು ಯಾವ ಬಾಯಿಂದ ಮಾಡಲಿ? ಅಂಗೈಯನ್ನು ಕೆಳಗೆ ಮಾಡಿ ಗಾಳಿಯನ್ನು ಮೆಲ್ಲಗೆ ಒತ್ತಿದೆ. ತುಟಿ ಆಡಿಸಿದೆ.

"ಮಾತುಕತಿ ನಡದೈತಿ. ಇರ್ಲಿ ಅನ್ನು."

ನೀನು ನಕ್ಕೆ. ಫೋನು ಹಿಡಿದು ಮತ್ತೆ ಹೊರಗೆ ಓಡಿದೆ.

ಸಂಜೆ ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಒಂದೇ ಮೇಜಿಗೆ ಕೂತವರು ಒಬ್ಬರ ಮನೆಯನ್ನೊಬ್ಬರು ಸುಡಲಾರರು ಎಂದು ನಾನು ಹೇಳಿದಾಗ ಮುಂದಿನ ಸಾಲಿನವರು ತಲೆದೂಗಿದರು. ಆ ಮೇಜು ಖಾಲಿಯಾಗಿದೆ ಎಂದು ತಿಳಿದೂ ಹೇಳಿದೆ. ಆ ವಾರವೇ ಬಂದರಿನ ಮೇಲೆ ಬಾಂಬು ಬಿತ್ತು. ವಿಮಾನಗಳು ನಿಂತಿದ್ದರಿಂದ ಶಿವಾನಂದನ ಹೆಣ ರಾಯಬಾಗದ ಕಡೆಯ ನಿಮ್ಮ ಊರು ಸೇರುವಷ್ಟರಲ್ಲಿ ನಿನ್ನ ಅವ್ವ ಅಳುವುದನ್ನೂ ಬಿಟ್ಟಿದ್ದಳು.

ಮಣ್ಣು ಕೊಟ್ಟು ಬಂದ ಮೇಲೆ ನೀನೇ ನನಗೆ ಸಮಾಧಾನ ಹೇಳಿದೆ. "ನೀವರ ಏನ್ ಮಾಡ್ತೀರಿ ಸರ. ದೊಡ್ಡ ದೊಡ್ಡ ದೇಶದವರ ಕೈಲೇ ಆಗಲಿಲ್ಲ. ನಿಮಗ ತಿಳಿದಷ್ಟು ಹೇಳಿದ್ರಿ."

ನಾನು ಹೌದೆಂದು ತಲೆಯಾಡಿಸಿದೆ. ಮಲ್ಲಪ್ಪ, ಅದು ಎರಡನೆಯ ಸುಳ್ಳು.

ಮೂರನೆಯದು ಇನ್ನೂ ಕೆಟ್ಟದ್ದು. ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ನಾವು ಜೈನರು ಎಲ್ಲರಲ್ಲೂ ಕ್ಷಮೆ ಕೇಳುತ್ತೇವಲ್ಲ — ನಾನು ಶೆಡ್ಡಿಗೆ ಬಂದು ನಿನ್ನೆದುರು ಕೈ ಮುಗಿದೆ. ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸು ಎಂದೆ. ನೀನು ನಾಚಿ, "ದೊಡ್ಡವರು ನೀವು, ಬಿಡ್ರಿ ಸರ" ಎಂದು ನನ್ನ ಕೈ ಹಿಡಿದು ಇಳಿಸಿದೆ. ಏನನ್ನು ಕ್ಷಮಿಸುತ್ತಿದ್ದೇನೆ ಎಂಬುದು ನಿನಗೆ ಗೊತ್ತಿರಲಿಲ್ಲ. ಅದಕ್ಕೇ ನಾನು ಕೇಳಿದೆ. ಎಂಥ ನೀಚ ನಾನು.

ಈಗಲೂ ಟೀವಿಯಲ್ಲಿ ದೊಡ್ಡವರು ಕೂಡುತ್ತಾರೆ, ಕೈ ಕುಲುಕುತ್ತಾರೆ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಮೊದಲೆಲ್ಲ ನಂಬುತ್ತಿದ್ದೆ. ಈಗ ಅವರ ಮುಖ ನೋಡಿದರೆ ಗೊತ್ತಾಗುತ್ತದೆ — ಅವರಿಗೂ ನಿಜ ತಿಳಿದಿದೆ, ಅವರಿಗೂ ಸಂಜೆ ಎಲ್ಲೋ ಒಂದು ಭಾಷಣವಿದೆ. ಜಗತ್ತು ನನ್ನಂಥವರ ಕೈಯಲ್ಲಿದೆ. ಇದಕ್ಕಿಂತ ದೊಡ್ಡ ನಿರಾಶೆ ನನಗೆ ಬೇರೆ ಇಲ್ಲ.

ನಾಳೆ ನಿನ್ನ ಪಾಳಿ ಇದೆ. ಬಂದು ಮಗ್ಗಗಳನ್ನೆಲ್ಲ ನಿಲ್ಲಿಸುತ್ತೇನೆ, ಸದ್ದು ಪೂರ್ತಿ ಅಡಗಲಿ. ಎಲ್ಲರಿಗೂ ಕೇಳುವಂತೆ, ಬಾಯಿ ಬಿಟ್ಟು ಇದನ್ನೆಲ್ಲ ಹೇಳುತ್ತೇನೆ. ಕೈ ಮಾತ್ರ ಮುಗಿಯುವುದಿಲ್ಲ, ಮಲ್ಲಪ್ಪ. ಮುಗಿದರೆ ನೀನು ಮತ್ತೆ ಕ್ಷಮಿಸಿಬಿಡುತ್ತೀ.