ಕಾಲಿಲ್ಲದ ಗೊಂಬೆಯ ನಡಿಗೆ

ಅಪ್ಪನಿಗೆ ಜರ್ಮನಿಯ ಗ್ರೀನ್ ಕಾರ್ಡ್ ಸಿಕ್ಕಿ ನಾವು ಹುಬ್ಬಳ್ಳಿಯಿಂದ ರೇಗನ್ಸ್‌ಬರ್ಗಿಗೆ ಬಂದ ಹೊಸತು. ಆಗಿನ ಚಳಿಗಾಲವೆಂದರೆ ನನಗೆ ಇಂದಿಗೂ ಎರಡೇ ವಾಸನೆ: ಅವ್ವನ ಒಗ್ಗರಣೆ ಮತ್ತು ನಮ್ಮ ಕಟ್ಟಡದ ಕೆಲರ್‌ನ, ಅಂದರೆ ನೆಲಮಾಳಿಗೆಯ, ತಣ್ಣನೆಯ ಮಣ್ಣು. ಅಲ್ಲೇ ಕೆಳಮನೆಯ ಜಪಾನಿ ಅಜ್ಜಿ ಹರುಕೊ, ಜರ್ಮನ್ ರೂಢಿಯಂತೆ ನಮಗೆಲ್ಲ 'ಓಮಾ', ತಮ್ಮ ಊರಿನ ಗೊಂಬೆಯಾಟ ಕಲಿಸುತ್ತಿದ್ದರು. ಅದು ತಮ್ಮೊಂದಿಗೇ ಮಣ್ಣಾದೀತೆಂಬ ಭಯ ಅವರಿಗೆ.

ಒಂದು ಗೊಂಬೆಗೆ ಮೂವರು ಬೇಕು. ಓಮಾ ತಲೆ ಮತ್ತು ಬಲಗೈ ಆಡಿಸುತ್ತಿದ್ದರು. ಅವರ ಜೊತೆ ಆಡಿಸುತ್ತಿದ್ದ ಇಬ್ಬರು ತೀರಿಕೊಂಡಿದ್ದರಿಂದ ಎಡಗೈ ಅವ್ವನ ಪಾಲಿಗೆ, ಕಾಲು ನನ್ನ ಪಾಲಿಗೆ ಬಂತು. ಎಲ್ಲರ ಮುಖಕ್ಕೂ ಕಪ್ಪು ಮುಸುಕು. ಹಾಗೆ ನೋಡಿದರೆ ಹೆಣ್ಣುಗೊಂಬೆಗೆ ಕಾಲೇ ಇರಲಿಲ್ಲ! ಅವಳ ನಿಲುವಂಗಿ ಕಿಮೋನೊದೊಳಗೆ ನಾನು ಎರಡು ಮುಷ್ಟಿಗಳನ್ನು ಹಿಂದೆ ಮುಂದೆ ಆಡಿಸಿದರೆ ಅವಳು ನಡೆಯುತ್ತಿದ್ದಳು.

ಒಮ್ಮೆ ಕೆಲರ್‌ನಲ್ಲಿ ತೇವ ಹಿಡಿದಾಗ ಗೊಂಬೆ ನಮ್ಮ ಮನೆಗೆ ಬಂತು. ಕಿಮೋನೊ ಎತ್ತಿ ನೋಡಿದ ಅವ್ವ ಬೆಚ್ಚಿಬಿದ್ದಳು.

"ಕಾಲಿಲ್ಲದ್ದು ಅಂದ್ರ ದೆವ್ವನ. ಹೆಣ್ಮಗಳು ಹಿಂಗ ಇರಬಾರದವಾ."

ಹಳೆಯ ಇಳಕಲ್ ಸೀರೆಯ ತುಂಡಿಗೆ ಹತ್ತಿ ತುಂಬಿ ಎರಡು ಕಾಲು ಹೊಲಿದಳು. ಮೇಲೆ ಕಾಲುಂಗುರ ಬೇರೆ! ನಾನು "ನೈನ್, ಬ್ಯಾಡ ಅವ್ವಾ!" ಎಂದರೆ ಕೇಳುವವರು ಯಾರು?

ಮರುದಿನದ ತಾಲೀಮಿನಲ್ಲಿ ಹತ್ತಿಯ ಕಾಲುಗಳ ನಡುವೆ ನನ್ನ ಮುಷ್ಟಿ ಸಿಕ್ಕಿಕೊಂಡು ಗೊಂಬೆ ಹೆಣದಂತೆ ಜೋತುಬಿತ್ತು. ಓಮಾ ಬೈಯಲಿಲ್ಲ. ಹೊಲಿಗೆ ಬಿಚ್ಚಿ ಕಾಲುಗಳನ್ನು ಅವ್ವನ ಉಡಿಗೆ ಹಾಕಿದರು. ನನ್ನ ಮುಷ್ಟಿ ಹಿಡಿದು ಜರ್ಮನ್‌ನಲ್ಲಿ ಹೇಳಿದರು:

"ಇವಳ ಕಾಲು ಇಲ್ಲಿವೆ. ನೀನು ಬಿಟ್ಟರೆ ಇವಳಿಗೆ ಬೇರೆ ಕಾಲಿಲ್ಲ."

ಮತ್ತೆ ಶುರು ಮಾಡಿದೆವು. ಆಗ ನನ್ನ ಮುಷ್ಟಿಗಳ ಮೇಲೆ ಯಾರದೋ ಮೈಭಾರ ಬಿತ್ತು. ನಾನು ನಿಂತೆ, ಭಾರ ನನ್ನನ್ನು ಮುಂದಕ್ಕೆ ತಳ್ಳಿತು.

"ಅವ್ವಾ, ಅಕಿ ತಾನ ನಡ್ಯಾಕತ್ತಾಳ!"

"ಸುಮ್ಮನಿರು," ಮುಸುಕಿನೊಳಗಿಂದ ಅವ್ವ ಅಂದಳು. "ಕೈನೂ ಹಂಗ ಐತಿ."

ಮುಂದಿನ ವರ್ಷ ಅಪ್ಪನ ಕೆಲಸದ ಜೊತೆ ನಾವು ಕಾರ್ಲ್ಸ್‌ರುಹೆಗೆ ಹೋದೆವು. ಓಮಾ ಗೊಂಬೆಗೆ ಕೈಕಾಲಾಗುವ ಬೇರೆಯವರನ್ನು ಹುಡುಕುತ್ತಲೇ ತೀರಿಕೊಂಡರಂತೆ. ತಲೆ ಆಡಿಸುವುದನ್ನು ಮಾತ್ರ ನಮಗೆ ಕಲಿಸಿರಲಿಲ್ಲ. ಅದಕ್ಕಿನ್ನೂ ಸಮಯವಿದೆ ಎನ್ನುತ್ತಿದ್ದರು.

ಅವ್ವನಿಗೆ ಈಗ ನನ್ನ ಹೆಸರೂ ನೆನಪಿಲ್ಲ. ಮೊನ್ನೆ ಚಹಾದ ಹೊತ್ತಿನಲ್ಲಿ ಟೇಬಲ್ ಬಟ್ಟೆಯ ಕೆಳಗೆ ಸುಮ್ಮನೆ ಮುಷ್ಟಿ ಆಡಿಸಿದೆ. ಅವ್ವನ ಎಡಗೈ ತಾನಾಗಿ ಮೇಲೆದ್ದು ಜೊತೆಗೂಡಿತು. ಇಬ್ಬರೂ ಒಟ್ಟಿಗೆ ತಲೆಯೆತ್ತಿ, ಗೊಂಬೆಯ ಮುಖ ಇರಬೇಕಾದ ಜಾಗ ನೋಡಿದೆವು. ಅಲ್ಲಿ ಯಾರೂ ಇರಲಿಲ್ಲ. ಮುಷ್ಟಿಯ ಮೇಲೆ ಅಂದಿನ ಅದೇ ಭಾರ ಮಾತ್ರ ಇತ್ತು.