ಅಳಿಸಿ ಹಾಕಿದ ಮೆಸೇಜು

ದೆವ್ವ, ಗಾಳಿ, ಶಕುನ ಎಂದು ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕಚೇರಿಯಲ್ಲಿ ಊಟದ ಹೊತ್ತಿಗೆ ಯಾರಾದರೂ ಅಂಥ ಮಾತು ತೆಗೆದರೆ ಡಬ್ಬಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದವಳು ನಾನು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮನೆ ಮದ್ದೂರಿನಲ್ಲಿ, ಕೆಲಸ ಮಂಡ್ಯದಲ್ಲಿ, ಓಡಾಟ ರೈಲಿನಲ್ಲಿ. ಒಂದು ದಿನ ನನ್ನ ಫೋನಿನ ಮಾಮೂಲಿ ಮೆಸೇಜಿನ ಆ್ಯಪು ಏನೋ ಹೊಸ ಸೌಲಭ್ಯ ಬಂದಿದೆ, ಬೇಕೇ ಎಂದು ಕೇಳಿತು. ನನ್ನ ಗಂಡ ನನ್ನನ್ನು ಒಂದು ಮಾತೂ ಕೇಳದೆ ‘ಬೇಕು’ ಎಂದು ಒತ್ತಿಬಿಟ್ಟರು. ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ನಾನು ಓದಿದರೆ ಓದಿದ್ದೇನೆಂದು ಕಳಿಸಿದವರಿಗೆ ಗೊತ್ತಾಗುತ್ತದೆ. ನಾನು ಬರೆಯಲು ಶುರು ಮಾಡಿದರೆ ಅವರ ಫೋನಿನಲ್ಲಿ ಮೂರು ಚುಕ್ಕಿ ಕುಣಿಯುತ್ತವೆ. ಬಾಯಿ ತೆರೆಯುವ ಮೊದಲೇ ಏನೋ ಹೇಳುತ್ತಾಳೆ ಎಂದು ಡಂಗುರ ಸಾರಿದ ಹಾಗೆ. ಇದರಿಂದ ಯಾರಿಗೆ ಏನು ಉಪಕಾರವೋ ನನಗಂತೂ ಇವತ್ತಿಗೂ ತಿಳಿದಿಲ್ಲ.

ಅಪಕಾರ ಆದದ್ದು ಮಾತ್ರ ಚೆನ್ನಾಗಿ ಗೊತ್ತು. ಅಪ್ಪ ಅವ್ವ ಇಬ್ಬರೂ ಇಲ್ಲದ ನನಗೆ ತವರು ಎಂದರೆ ಬೆಳಕವಾಡಿಯಲ್ಲಿರುವ ಅಣ್ಣ ಒಬ್ಬನೇ. ಅವನು ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಮನೆಮಗಳಾದ ನನ್ನನ್ನು ಹೇಗೆ ಕರೆದ? ಮೆಸೇಜಿನಲ್ಲಿ! ಕರೆಯೋಲೆಯ ಫೋಟೋ, ಅದರ ಕೆಳಗೆ ‘ಬಂದ್ಬುಡವ್ವ’ ಎಂಬ ಒಂದು ಮಾತು. ಮದುವೆಯಾಗಿ ಹೋದ ಹೆಣ್ಣುಮಗಳನ್ನು ಮನೆಗೆ ಬಂದು, ಅರಿಶಿನ ಕುಂಕುಮ ಕೊಟ್ಟು ಕರೆಯಬೇಕೆಂದು ಇವನಿಗೆ ಬೇರೆ ಹೇಳಿಕೊಡಬೇಕೇ? ಇವತ್ತಲ್ಲ ನಾಳೆ ಬಂದು ಕರೆಯುತ್ತಾನೆ ಎಂದು ನಾನು ಕಾದೆ. ಅವನ ಫೋನಿನಲ್ಲಿ ನಾನು ಓದಿದ ಗುರುತು ಬಂದಿತ್ತು; ಉತ್ತರ ಬರಲಿ ಎಂದು ಅವನು ಕಾದ. ಅವನು ಬರಲಿಲ್ಲ, ನಾನು ಹೋಗಲಿಲ್ಲ. “ಓದ್ಬುಟ್ಟೂ ಸುಮ್ಕಿದ್ಲು ಕಣ, ಅಷ್ಟು ಕೊಬ್ಬು ಅವ್ಳಿಗೆ” ಎಂದು ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗಿದ. ಮಾತು ನಿಂತುಹೋಯಿತು. ನನ್ನ ಗಂಡ ಆಮೇಲೆ ಆ ಸೌಲಭ್ಯ ತೆಗೆದುಹಾಕಲೇ ಎಂದು ಕೇಳಿದರು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಜನ! ಇನ್ನೇಕೆ, ಇರಲಿ ಬಿಡಿ ಎಂದೆ.

ಹೀಗಿರುವಾಗ ನನ್ನ ಮಗುವಿಗೆ ಕಿವಿ ಚುಚ್ಚಿಸುವ ದಿನ ಗೊತ್ತಾಯಿತು. ನಮ್ಮಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಿಸಬೇಕು. “ನಿಮ್ಮಣ್ಣ ಬರಾಕಿಲ್ಲ ಅಂದ್ರೆ ಓಗ್ಲಿ ಬುಡು, ನನ್ ತಮ್ಮ ಕೂತ್ಕತಾನೆ” ಎಂದರು ಅತ್ತೆ. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನಗೆ ಅದು ಒಪ್ಪಿಗೆಯಾಗಲಿಲ್ಲ. ಆ ಜಾಗದಲ್ಲಿ ಬೇರೆಯವರು ಕೂತರೆ ನನ್ನ ತವರಿನ ಬಾಗಿಲು ಮುಚ್ಚಿದಂತೆಯೇ. “ಒಂದ್ಸಲ ಓಗಿ ಕರ್ದ್ಬುಟ್ಟು ಬಾರೆ, ಏನ್ ಗಂಟು ಓಯ್ತದೆ?” ಎಂದರು ನನ್ನ ಗಂಡ. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿದರೆ ಬೆಳಕವಾಡಿ ಏನೂ ದೂರವಲ್ಲ. ಆದರೆ ಮೊದಲು ತಪ್ಪಿದವನು ಅವನು. ನಾನೇಕೆ ಹೋಗಲಿ?

ಶುಕ್ರವಾರ ಸಂಜೆ ಮಂಡ್ಯದಲ್ಲಿ ರೈಲು ಹತ್ತಿ ಕಿಟಕಿಯ ಪಕ್ಕ ಕೂತೆ. ಕೈ ತಾನಾಗಿ ಫೋನಿಗೆ ಹೋಯಿತು. ‘ಭಾನುವಾರ ಮಗುವಿಗೆ ಕಿವಿ ಚುಚ್ಚಿಸುತ್ತಿದ್ದೇವೆ, ದಯಮಾಡಿ ಬರಬೇಕು’ ಎಂದು ಬರೆದೆ. ಯಾರೋ ಹೊರಗಿನವರಿಗೆ ಬರೆದ ಹಾಗಿತ್ತು, ಅಳಿಸಿದೆ. ‘ಬರೋದಿದ್ದರೆ ಬಾ, ಇಲ್ಲದಿದ್ದರೆ ನನ್ನ ಮಗನಿಗೆ ಬೇರೆಯವರ ತೊಡೆ ಸಿಗುತ್ತೆ’ ಎಂದು ಬರೆದೆ. ಅದನ್ನೂ ಅಳಿಸಿದೆ. ಕೊನೆಗೆ ‘ಅಪ್ಪ ಇಲ್ಲ, ಅವ್ವ ಇಲ್ಲ, ನೀನೂ ಇಲ್ಲ ಅಂದ್ಕೊಳ್ಳಲಾ?’ ಎಂದು ಬರೆದು, ಕಣ್ಣು ತುಂಬಿ ಬಂದು, ಅದನ್ನೂ ಅಳಿಸಿಬಿಟ್ಟೆ. ಮೆಸೇಜಿನಲ್ಲಿ ಕರೆದನೆಂದು ಅವನ ಮೇಲೆ ಸಿಟ್ಟಾದವಳು ಈಗ ಮೆಸೇಜಿನಲ್ಲಿ ಕರೆಯುವುದೇ? ಒಂದಕ್ಷರವನ್ನೂ ಕಳಿಸಲಿಲ್ಲ.

ಅಷ್ಟರಲ್ಲಿ ಅವನ ಹೆಸರಿನ ಕೆಳಗೆ ಮೂರು ಚುಕ್ಕಿ ಕುಣಿಯತೊಡಗಿದವು. ಅಣ್ಣ ಏನೋ ಬರೆಯುತ್ತಿದ್ದ! ಹನಕೆರೆ ದಾಟಿತು, ಚುಕ್ಕಿಗಳು ಕುಣಿಯುತ್ತಲೇ ಇದ್ದವು. ಮದ್ದೂರಿನಲ್ಲಿ ಇಳಿಯುವ ಹೊತ್ತಿಗೆ ನಿಂತವು. ಏನೂ ಬರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬರೆಯುವುದನ್ನು ನೋಡಿಯೂ ಒಂದು ಮಾತು ಕಳಿಸಲಾಗಲಿಲ್ಲವಲ್ಲ, ಇವನೆಂಥ ಅಣ್ಣ ಎಂದು ಫೋನನ್ನು ಚೀಲಕ್ಕೆ ಎಸೆದೆ.

ಭಾನುವಾರ ಆಚಾರಿ ಬಂದು ಕೂತರು. ಅತ್ತೆಯ ತಮ್ಮ ಮಣೆಯ ಮೇಲೆ ಕೂತಿದ್ದರು. ಮಗುವನ್ನು ಅವರ ತೊಡೆಗೆ ಇಳಿಸಬೇಕು ಎನ್ನುವಾಗ ಹೊರಗೆ ಬೈಕು ನಿಂತ ಸದ್ದಾಯಿತು. ಅಣ್ಣ, ಅತ್ತಿಗೆ! ತಟ್ಟೆಯಲ್ಲಿ ಹಣ್ಣು, ಬಟ್ಟೆ, ಪುಟ್ಟ ಚಿನ್ನದ ಓಲೆ. “ಎದ್ದೇಳಿ ಮಾವ, ಅದು ನನ್ ಜಾಗ” ಎಂದು ಅಣ್ಣ ಮಣೆಯ ಮೇಲೆ ಕೂತುಬಿಟ್ಟ. ಮಗು ಕಿರುಚಿ ಅತ್ತಿತು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಊಟವಾದ ಮೇಲೆ ಮಾತ್ರ ಬಿಡಲಿಲ್ಲ. “ಶುಕ್ರವಾರ ಅಷ್ಟೊತ್ತು ಏನೋ ಬರೀತಿದ್ದೆಯಲ್ಲ, ಯಾಕೆ ಕಳಿಸಲಿಲ್ಲ?” ಎಂದೆ.

“ನಾನೆಲ್ಲವ್ವ ಬರ್ದೆ? ಆ ದೊಡ್ ಫೋನು ತೂಬು ಎತ್ತೋವಾಗ ನಾಲೆಗೆ ಬಿದ್ದೋಗಿ ತಿಂಗ್ಳುಗಟ್ಲೆ ಆಯ್ತು” ಎಂದು ಅಂಗಿಯ ಜೇಬಿನಿಂದ ಹಳೇ ಬಟನ್ ಫೋನು ತೆಗೆದು ತೋರಿಸಿದ.

“ಮತ್ತೆ ಇವತ್ತು ಅಂತ ಯಾರು ಹೇಳಿದರು?”

“ನೀನೇ ಬರ್ದಿದ್ದಲ್ಲ! ಬ್ಯಾರೆಯೋರ್ ತೊಡೆ ಸಿಗ್ತದೆ ಅಂತ. ಓದಿ ಒಟ್ಟೆ ಉರ್ದೋಯ್ತು ಕಣವ್ವ.”

ನಾನು ಅಳಿಸಿದ ಮಾತು ಅದು! ಆ ಸಂಜೆ ಹಾಲು ಕರೆಯುತ್ತಿದ್ದವನು ನಡುವೆಯೇ ಎದ್ದು ಬಂದು “ತಂಗಿ ಬರ್ದವಳೆ” ಎಂದನಂತೆ. ಮಾರನೆಯ ದಿನ ಮಳವಳ್ಳಿಗೆ ಹೋಗಿ ಓಲೆ ತಂದನಂತೆ. ಅತ್ತಿಗೆಯೇ ಹೇಳಿದರು. ಎಲ್ಲಿ ಓದಿದೆ, ತೋರಿಸು ಎಂದೆ. ಬಟನ್ ಒತ್ತಿ ಒತ್ತಿ ಹುಡುಕಿದ. ಫೋನಿನಲ್ಲಿ ಇದ್ದದ್ದು ರೀಚಾರ್ಜ್ ಮಾಡಿಸಿ ಎನ್ನುವ ಮೆಸೇಜುಗಳಷ್ಟೇ. “ಓದಿದ್ ಗ್ಯಾಪ್ಕ ಚೆನ್ನಾಗದೆ. ಎಲ್ಲಿ ಅಂತ್ಲೇ ಗೊತ್ತಾಯ್ತಿಲ್ಲ” ಎಂದು ತಲೆ ಕೆರೆದುಕೊಂಡ.

ನನ್ನ ಗಂಡ, ಅತ್ತೆ ಇಬ್ಬರೂ ತಾವು ತಿಳಿಸಲಿಲ್ಲವೆಂದು ಆಣೆ ಮಾಡಿದರು. ತಿಳಿಸಿದ್ದರೂ ದಿನವನ್ನು ತಿಳಿಸಬಹುದಿತ್ತು, ಆ ಮಾತನ್ನಲ್ಲ. ಅಳಿಸಿದ ಮಾತು ಎಲ್ಲಿಗೂ ಹೋಗುವುದಿಲ್ಲ, ಬಟನ್ ಫೋನಿನಿಂದ ಆ ಚುಕ್ಕಿಗಳು ಬರುವುದೂ ಇಲ್ಲ ಎಂದು ಮಂಡ್ಯದ ಫೋನ್ ಅಂಗಡಿಯವರು ಹೇಳಿದರು. ಕಾಕತಾಳೀಯ ಎಂದುಕೊಳ್ಳೋಣ ಎಂದರೆ ಮನಸ್ಸು ಒಪ್ಪುವುದಿಲ್ಲ. ಬೇರೇನು ಎಂದುಕೊಳ್ಳಬೇಕೋ ಗೊತ್ತಿಲ್ಲ. ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ.

ಇನ್ನೊಂದು ಮಾತು ಉಳಿದಿದೆ. ಅದನ್ನು ಮನೆಯಲ್ಲೂ ಹೇಳಿಲ್ಲ. ಅಂದು ಸಂಜೆ ಹೊರಡುವಾಗ ಅಣ್ಣ ಬೈಕಿನ ಮೇಲೆ ಕೂತು, ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದ: “ನಾನಿಲ್ಲ ಅಂತ ಇನ್ನೊಂದ್ಸಲ ಬರೀಬ್ಯಾಡ ಕಣವ್ವ. ಬರ್ದು ಅಳ್ಸೋದೂ ಬ್ಯಾಡ.”

ಅಳಿಸಿದೆನೆಂದು ನಾನು ಅವನಿಗೆ ಹೇಳಿರಲೇ ಇಲ್ಲ.